ಹೊಗಳಿಕೆ ನುಂಗಿದ ಜರಡಿ

ಮಾನ್ಯರಾದ ವಾಚಕ ಮಹಾಶಯರಲ್ಲಿ ಸವಿನಯ ವಿಜ್ಞಾಪನೆ. ಯಂತ್ರಗಳ ಕುರಿತಾದ ಕಥೆಯನ್ನು ಓದುವ ಮುನ್ನ ಕನ್ನಡಕವನ್ನು ಒರೆಸಿಕೊಂಡು, ಬೆನ್ನು ನೆಟ್ಟಗೆ ಮಾಡಿ, ಗಣಿತಕ್ಕೆ ಅಂಜದೆ ಕುಳಿತುಕೊಳ್ಳಬೇಕೆಂಬುದು ವಾಡಿಕೆ. ಪ್ರಸ್ತುತ ಕಥೆಗೆ ಅಂಥ ಸಿದ್ಧತೆಯೇನೂ ಬೇಡ. ತಾವು ಒಂದೇ ಒಂದು ಸಂಗತಿಯನ್ನು ಊಹಿಸಿಕೊಂಡರೆ ಸಾಕು: ತಮ್ಮ ಕಿವಿಯಲ್ಲಿ ಜೋಳದ ಕಾಳಿನಷ್ಟು ಗಾತ್ರದ ಒಂದು ಮಣಿಯಿದೆ, ಎದುರಿಗಿರುವವರು ಯಾವ ಭಾಷೆಯಲ್ಲಿ ಮಾತನಾಡಿದರೂ ಅವರದೇ ಕಂಠದಲ್ಲಿ ಅದು ತಮಗೆ ಕನ್ನಡವಾಗಿ ಕೇಳಿಸುತ್ತದೆ, ಮತ್ತು ಇದಕ್ಕಾಗಿ ತಾವು ಕವಡೆ ಕಾಸನ್ನೂ ಕೊಡಬೇಕಾಗಿಲ್ಲ. ಇಷ್ಟನ್ನು ಊಹಿಸಿಕೊಂಡಿರಾದರೆ, ದಯಮಾಡಿ ಗಜೇಂದ್ರಗಡಕ್ಕೆ ಬಿಜಯಂಗೈಯಬೇಕು.

ಗಜೇಂದ್ರಗಡದ ಗುಡ್ಡದ ನೆತ್ತಿಯ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳಿಗೆ ಊರಿನವರು ಇಟ್ಟ ಹೆಸರು ‘ಫ್ಯಾನು’. ಆ ಫ್ಯಾನುಗಳಿಗೆ ಗ್ರೀಸು ಹಚ್ಚಲು, ಸಡಿಲಾದ ಬೋಲ್ಟು ಬಿಗಿಯಲು ದೂರದೂರದಿಂದ ಜನ ಬಂದಿದ್ದರು, ಹೆಚ್ಚಿನವರು ಒಡಿಶಾದವರು. ಗುಡ್ಡದ ಬುಡದ ಬಯಲಿನಲ್ಲಿ ಚಂದ್ರವ್ವ ಎಂಬ ಹಿರಿಯ ನಟಿಯ ನಾಟಕ ಕಂಪನಿ ಡೇರೆ ಹೊಡೆದಿತ್ತು. ಆ ಕಂಪನಿಯ ಮೈಕು, ದೀಪ, ಪ್ರಚಾರ ಮೂರಕ್ಕೂ ಒಬ್ಬನೇ ಒಡೆಯ, ಮಾನಪ್ಪ ಪತ್ತಾರ. ನಾಟಕದ ಪ್ರಚಾರಕ್ಕಾಗಿ ಅವನು ಆಟೋದಲ್ಲಿ ಕುಳಿತು ಕೂಗಿದನೆಂದರೆ ಬಾವಿಗಿಳಿದವನೂ ಮೇಲೆ ಬಂದು ಕೇಳಬೇಕು, ಅಂಥ ಕಂಠ.

ಒಂದು ಭಾನುವಾರ ಆಟ ಮುಗಿದ ಮೇಲೆ ತಲೆಗೆ ಹಳದಿ ಹೆಲ್ಮೆಟ್ಟು ಹಾಕಿಕೊಂಡಿದ್ದ ಒಬ್ಬ ಹೆಂಗಸು ಅವನ ಮುಂದೆ ಬಂದು ನಿಂತಿದ್ದಳು. “ನಿಮ್ಮ ಎಡಗಡೆಯ ಧ್ವನಿವರ್ಧಕವು ಹಂದಿಯಂತೆ ಕಿರುಚುತ್ತಿದೆ, ದಯವಿಟ್ಟು ಸರಿಪಡಿಸಿರಿ” ಎಂದು ಮಣಿಯ ಮೂಲಕ ಹೇಳಿದ್ದಳು. ಮಣಿ ಯಾರ ಮಾತನ್ನೇ ಆಗಲಿ ಪಠ್ಯಪುಸ್ತಕದ ಕನ್ನಡದಲ್ಲಿಯೇ ಒಪ್ಪಿಸುತ್ತಿತ್ತು. ಅವಳು ಒಡಿಶಾದ ಬಲಾಂಗೀರದ ಸಬಿತಾ. ಫ್ಯಾನುಗಳ ತುದಿಯವರೆಗೆ ಹತ್ತಿ ಕೆಲಸ ಮಾಡುವವಳು. ಧ್ವನಿವರ್ಧಕ ಸರಿಹೋಯಿತು, ಚಹಾ ಆಯಿತು, ಮಾತು ಬೆಳೆಯಿತು. ಅದೇ ವರ್ಷ ರೋಣದ ನೋಂದಣಿ ಕಚೇರಿಯಲ್ಲಿ ಮದುವೆಯೂ ಆಯಿತು. ಅವನಿಗೆ ಒಡಿಯಾ ಬಾರದು, ಅವಳಿಗೆ ಕನ್ನಡ ಬಾರದು. ಇಬ್ಬರ ನಡುವಿನ ಸಂಸಾರವೆಲ್ಲ ಆ ಎರಡು ಮಣಿಗಳ ಮೇಲೆಯೇ ನಿಂತಿತ್ತು.

ಮಣಿಯನ್ನು ಊರಿಗೆಲ್ಲ ಪುಕ್ಕಟೆಯಾಗಿ ಹಂಚಿದ್ದು ‘ನುಡಿದೋಣಿ’ ಎಂಬ ಸಂಸ್ಥೆ. ಆಡಿದ ಮಾತು ಹುಬ್ಬಳ್ಳಿಯಲ್ಲಿದ್ದ ಅದರ ನಿಯಂತ್ರಣ ಕೊಠಡಿಗೆ ಹೋಗಿ, ಭಾಷೆ ಬದಲಿಸಿಕೊಂಡು, ರೆಪ್ಪೆ ಬಡಿಯುವುದರೊಳಗೆ ಮರಳಿ ಕಿವಿಗೆ ಬೀಳುತ್ತಿತ್ತು. ಬರುವಾಗ ಸಂಸ್ಥೆ ಅದರೊಂದಿಗೆ ಒಂದು ಜಾಹೀರಾತನ್ನೂ ಹೊಸೆದು ಕಳಿಸುತ್ತಿತ್ತು, ಅದೂ ಆಡಿದವರ ಕಂಠದಲ್ಲಿಯೇ.

ಒಂದು ಸಂಜೆ ಸಬಿತಾ ಗುಡ್ಡ ಇಳಿದು ಬಂದು, ಬೂಟು ಕಳಚುತ್ತ ಹೇಳಿದಳು: “ಇಂದು ಮೇಲೆ ಗಾಳಿ ಬಹಳವಿತ್ತು. ಅಲ್ಲಿಂದ ನಿಮ್ಮ ಡೇರೆಯು ಬೆಂಕಿಪೆಟ್ಟಿಗೆಯಂತೆ ಕಾಣಿಸಿತು. ನನಗೆ ನಿಮ್ಮ ನೆನಪಾಯಿತು. ನೆನಪಿನ ಶಕ್ತಿಗೆ ದಿನಕ್ಕೆರಡು ಚಮಚ ಸ್ಮೃತಿಸುಧಾ ಲೇಹ್ಯವನ್ನು ಸೇವಿಸಿರಿ.”

ಮಾನಪ್ಪನ ಕೈಯಲ್ಲಿದ್ದ ರೊಟ್ಟಿ ಕೈಯಲ್ಲಿಯೇ ಉಳಿಯಿತು. ಲೇಹ್ಯದ ಮಾತು ಅವಳದಲ್ಲ, ಅದು ಸರಿ. ಆದರೆ ಅದರ ಹಿಂದಿನ ಮಾತು? ನೆನಪಾದದ್ದು ಹೆಂಡತಿಗೋ, ಅಥವಾ ಅದು ಲೇಹ್ಯಕ್ಕೆ ಹತ್ತಲು ಸಂಸ್ಥೆಯವರು ಕಟ್ಟಿದ ಮೆಟ್ಟಿಲೋ? ಒಮ್ಮೆ ಹುಟ್ಟಿದ ಸಂಶಯಕ್ಕೆ ಕಾಲು ಬೆಳೆಯುವುದು ತಡವಾಗಲಿಲ್ಲ. ‘ನಿಮ್ಮ ಕಣ್ಣು ಚೆಂದ’ ಎಂದು ಅವಳು ಹಿಂದೊಮ್ಮೆ ಅಂದ ಮೇಲೆ ಕನ್ನಡಕದಂಗಡಿಯ ಮಾತು ಬಂದಿತ್ತು. ‘ನಗುವಾಗ ನೀವು ಮಗುವಿನಂತೆ’ ಎಂದ ಮೇಲೆ ಹಲ್ಲುಜ್ಜುವ ಪುಡಿ ಬಂದಿತ್ತು. ಮದುವೆಯಾದಂದಿನಿಂದ ಎದೆಯಲ್ಲಿ ಜೋಪಾನ ಮಾಡಿಟ್ಟುಕೊಂಡಿದ್ದ ಮಾತುಗಳಲ್ಲಿ ಹೆಂಡತಿಯವು ಯಾವುವು, ಅಂಗಡಿಯವು ಯಾವುವು?

ಮರುದಿನವೇ ಅವನು ರಂಗದ ಪರದೆಯ ಹಿಂದೆ, ವೈರುಗಳ ರಾಶಿಯ ನಡುವೆ ಒಂದು ಜರಡಿಯನ್ನು ಹೆಣೆಯತೊಡಗಿದ. ಜರಡಿಯೆಂದರೆ ಮಣಿಗೂ ಫೋನಿಗೂ ನಡುವೆ ಕಾವಲು ಕೂರುವ ಒಂದು ಸಣ್ಣ ಪ್ರೋಗ್ರಾಮು. ಕಿವಿಗೆ ಹೊರಟ ಮಾತನ್ನು ಅದು ಸೋಸಿ, ಜಾಹೀರಾತಿನ ರಾಗ ಕಂಡಲ್ಲಿ ಆ ಮಾತನ್ನು ನುಂಗಿಬಿಡಬೇಕು. ಹಾಗೆ ನುಂಗಲು ಅದಕ್ಕೆ ಜಾಹೀರಾತಿನ ರಾಗ ಯಾವುದೆಂಬುದನ್ನು ಮೊದಲು ಕಲಿಸಬೇಕಲ್ಲ? ಮಾನಪ್ಪನ ಬಳಿ ಆ ಸರಕು ಬೇಕಾದಷ್ಟಿತ್ತು. ತಾನೇ ವರ್ಷಗಟ್ಟಲೆ ಆಟೋದಲ್ಲಿ ಕೂಗಿ ಧ್ವನಿಮುದ್ರಿಸಿಟ್ಟಿದ್ದ ಪ್ರಚಾರಗಳನ್ನೆಲ್ಲ, ‘ನೋಡಲು ಮರೆಯದಿರಿ, ಮರೆತು ಮರುಗದಿರಿ’ ಎಂಬಲ್ಲಿಂದ ಹಿಡಿದು, ಅದಕ್ಕೆ ಹಗಲಿಡೀ ತಿನ್ನಿಸಿದ.

ಬಣ್ಣ ಒರೆಸಿಕೊಳ್ಳುತ್ತ ಬಂದ ಚಂದ್ರವ್ವ ಅದನ್ನು ನೋಡಿ ನಿಂತಳು. “ಏನದು, ಪತ್ತಾರಾ? ಬೆಳಗಿಂದ ನಿಂದ ದನಿ ನೀನ ಕೇಳ್ಕೋತ ಕುಂತೀ. ನಿನ್ನ ಮ್ಯಾಲೆ ನಿನಗ ಪ್ರೀತಿ ಬಂತೇನು?”

“ಮಣಿಯೊಳಗಿನ ಅಡ್ವಟೈಜ್ ಬಂದ್ ಮಾಡಾಕತ್ತೀನ್ರಿ, ಅಕ್ಕಾರ.”

“ಪುಕ್ಕಟ ಛತ್ರದಾಗ ಉಂಡು, ಬಡಿಸಾವನ ಬಾಯಿಗೆ ಬಟ್ಟಿ ತುರುಕಿದಂಗ ಆತಲ್ಲೋ ಇದು.”

“ಬಡಿಸಾವ ಬಡಿಸಲಿ, ಯಾರು ಬ್ಯಾಡಂದಾರ? ನನ್ನ ಹೇಂತಿ ಬಾಯಿಲೆ ಯಾಕ ಮಾತಾಡಬೇಕು?”

ಚಂದ್ರವ್ವ ತನ್ನ ಕಿವಿಯ ಮಣಿಯನ್ನು ಮುಟ್ಟಿ ನೋಡಿಕೊಂಡಳು. “ಅದೂ ಖರೇನ. ಹಂಗಾರ ನನಗೂ ಒಂದು ಹಾಕಿ ಕೊಡು. ನಿನ್ನೆ ನನ್ನ ಒಡಿಯಾ ಅಡಗಿಯವ ‘ಅಮ್ಮಾ, ತಾವು ವಿಶ್ರಾಂತಿ ತೆಗೆದುಕೊಳ್ಳಿರಿ’ ಅಂದ ಅಂತ ಕಣ್ಣಾಗ ನೀರು ಬಂತು; ಹಿಂದಿಂದ ಗಾದಿ ಅಂಗಡಿ ಹೆಸರು ಹೇಳಿದ.”

ಜರಡಿ ಮೊದಲು ಸಬಿತಾಳ ಫೋನಿಗೆ, ಆಮೇಲೆ ಕಂಪನಿಯಿಂದ ಬಜಾರಕ್ಕೆ, ಬಜಾರದಿಂದ ಗುಡ್ಡದ ಕಾರ್ಮಿಕರ ಕಾಲೊನಿಗೆ ಹಬ್ಬಿತು. ಊರಿಗೆ ಊರೇ ಮಿಂದು ಮಡಿಯುಟ್ಟಷ್ಟು ಹಗುರಾಯಿತು. ಚಹಾ ಕುಡಿಯುವಾಗ ಚಹಾ, ಜಗಳವಾಡುವಾಗ ಜಗಳ. ನಡುವೆ ಯಾವ ಸಾಬೂನೂ ಇಲ್ಲ, ಸಾಲ ಕೊಡುವ ಬ್ಯಾಂಕೂ ಇಲ್ಲ. ಮಾನಪ್ಪನಿಗೆ ಎಲ್ಲೆಡೆ ತಿನ್ನಲು ಪುಕ್ಕಟೆ ಮಂಡಕ್ಕಿ ಗಿರಮಿಟ್ಟು ಸಿಕ್ಕಿತು.

ಆದರೆ ಮನೆಯೊಳಗೆ ಏನೋ ತಣ್ಣಗಾಗುತ್ತ ಬಂದಿತ್ತು. ಸಬಿತಾ ಈಗ ಆಡುತ್ತಿದ್ದುದು ‘ನಲ್ಲಿ ಸೋರುತ್ತಿದೆ’, ‘ಅಕ್ಕಿ ಮುಗಿದಿದೆ’, ‘ನಾಳೆ ಬೇಗ ಏಳಬೇಕು’ ಎಂಬಷ್ಟೇ. ಅಂದರೆ ಹಳೆಯ ಸಿಹಿಮಾತುಗಳೆಲ್ಲವೂ ಅಂಗಡಿಯವೇ ಆಗಿದ್ದವೆಂದು ಮಾನಪ್ಪ ಒಳಗೊಳಗೇ ಕುಗ್ಗಿದ. ಅವಳ ಬಾಯಿ ಆಡುತ್ತಿರುವಂತೆ ಕಾಣುವುದು, ಮಣಿ ಮಾತ್ರ ಸುಮ್ಮನಿರುವುದು. ಜಾಹೀರಾತು ಸೋಸಿಹೋಯಿತೆಂದು ಅವನು ತಿಳಿಯುವುದು. ಒಂದು ಮಧ್ಯಾಹ್ನ ಅವಳು ತನ್ನ ಊರಿನ ರೀತಿಯಲ್ಲಿ ನೀರಿನಲ್ಲಿ ನೆನೆಸಿದ ಅನ್ನವನ್ನು ಹುಳಿ ಬರಿಸಿ, ಸುಟ್ಟ ಬದನೆಕಾಯಿಯ ಜೊತೆಗೆ ಬಡಿಸಿದಳು. ಮಾನಪ್ಪ ಬಟ್ಟಲು ನೆಕ್ಕಿ, “ನಿನ್ನ ಕೈಯಾಗ ಅಮೃತ ಐತಿ” ಎಂದ. ಅವಳು ಮುಖವೆತ್ತಲಿಲ್ಲ.

“ಏನಾತು ನಿನಗ?”

“ಏನೂ ಆಗಿಲ್ಲ. ಇತ್ತೀಚೆಗೆ ನೀವು ನನ್ನೊಡನೆ ಕೂಲಿಯಾಳಿನೊಡನೆ ಮಾತನಾಡಿದಂತೆ ಮಾತನಾಡುತ್ತೀರಿ. ಉಂಡು, ಬಾಯಿ ಒರೆಸಿಕೊಂಡು, ಎದ್ದು ಹೋಗುತ್ತೀರಿ.”

“ಈಗಷ್ಟ ಅಮೃತ ಅಂದೆನಲ್ಲ?”

ಅವಳಿಗೆ ಈ ಮಾತೂ ಕೇಳಿಸಲಿಲ್ಲ. ಪಾತ್ರೆಗಳನ್ನು ಎತ್ತಿಕೊಂಡು ನಡೆದಳು.

ಗುಟ್ಟು ಒಡೆದದ್ದು ಎರಡು ದಿನಗಳ ಮೇಲೆ, ಕಾರ್ಮಿಕರ ಕಾಲೊನಿಯಲ್ಲಿ. ಡೇರೆಯಲ್ಲಿ ಫ್ಯಾನಿನವರ ಕುರ್ಚಿಗಳು ಖಾಲಿ ಬೀಳತೊಡಗಿದ್ದರಿಂದ ಚಂದ್ರವ್ವ ಅವನನ್ನು ಪ್ರಚಾರಕ್ಕೆ ಅಟ್ಟಿದ್ದಳು. ಮಾನಪ್ಪ ಆಟೋದಲ್ಲಿ ನಿಂತು, ಅಳುವ ದೃಶ್ಯಕ್ಕೆ ಅಳು, ನಗುವ ದೃಶ್ಯಕ್ಕೆ ನಗು ಬೆರೆಸಿ, ಜೀವಮಾನದಲ್ಲಿಯೇ ಎಂದೂ ಕೂಗದಷ್ಟು ಸೊಗಸಾಗಿ ಕೂಗಿದ. ಬಟ್ಟೆ ಒಣಹಾಕುತ್ತಿದ್ದವರು ಎಮ್ಮೆ ಹೋದಂತೆ ನೋಡಿ ಸುಮ್ಮನಾದರು. ಮಣಿ ಕಿವಿಯಲ್ಲಿದ್ದಾಗ ಬಾರದ ಭಾಷೆಯ ಮೂಲ ದನಿ ದೂರದ ಗುನುಗಿನಂತಾಗಿಬಿಡುತ್ತದೆ. ಆ ಮಾತು ಮಣಿ ನುಡಿದರೇ ಉಂಟು. ಕೊನೆಗೆ ಒಬ್ಬ ಮುದುಕ ಹತ್ತಿರ ಬಂದು ಕನಿಕರದಿಂದ ಕೇಳಿದ: “ತಮ್ಮಾ, ನಿನ್ನ ಧ್ವನಿವರ್ಧಕವು ಕೆಟ್ಟಿದೆಯೇ? ಬಾಯಿ ತೆರೆಯುತ್ತೀಯೆ, ಮಾತು ಬರುತ್ತಿಲ್ಲ.”

ಮಾನಪ್ಪ ಆಟೋದ ಸೀಟಿನ ಮೇಲೆ ಕುಸಿದು ಕುಳಿತ. ಜಾಹೀರಾತು ಹೇಗಿರುತ್ತದೆಂದು ಜರಡಿಗೆ ಕಲಿಸಿದ್ದು ಅವನದೇ ಪ್ರಚಾರ. ಅವನು ಕೂಗುತ್ತಿದ್ದುದು ದುಡ್ಡಿಗಾಗಿಯಾದರೂ ಒಂದು ದಿನವೂ ಸುಳ್ಳು ಮನಸ್ಸಿನಿಂದ ಕೂಗಿದವನಲ್ಲ. ನಾಟಕವನ್ನು ಪ್ರೀತಿಸಿ, ಎದೆ ತುಂಬಿ ಕೂಗಿದವನು. ಆದುದರಿಂದ ಜರಡಿ ಕಲಿತದ್ದು ಜಾಹೀರಾತಿನ ರಾಗವನ್ನಲ್ಲ, ಎದೆ ತುಂಬಿ ಬಂದ ಹೊಗಳಿಕೆಯ ರಾಗವನ್ನು. ಊರಿನಲ್ಲಿ ಅತ್ತೆಯೊಬ್ಬಳು ಸೊಸೆಯನ್ನು ಮೆಚ್ಚಿದ್ದು, ಮೇಸ್ತ್ರಿ ಆಳಿಗೆ ‘ಶಹಬ್ಬಾಸ್’ ಎಂದದ್ದು, ಸಬಿತಾ ಬಾಯಿ ಆಡಿಸುತ್ತ ನುಡಿದದ್ದು, ಎಲ್ಲವೂ ಅದರ ಹೊಟ್ಟೆಯಲ್ಲಿ.

ಓಡಿ ಮನೆಗೆ ಹೋದ. ಜರಡಿಯನ್ನು ಕಿತ್ತೊಗೆದು ಎಲ್ಲವನ್ನೂ ಹೇಳಿಬಿಡಬೇಕೆಂದು ಬಾಗಿಲಲ್ಲಿಯೇ ಬಾಯಿ ತೆರೆದ. ಅವಳೂ ಏನೋ ಅಂದಳು. ಕಿವಿಗೆ ಬಿದ್ದದ್ದು ಬರೀ ಒಡಿಯಾ. ಮಣಿಯಲ್ಲಿ ಅಪರಿಚಿತ ದನಿಯೊಂದು ತಣ್ಣಗೆ ನುಡಿಯಿತು: “ಗ್ರಾಹಕರ ಗಮನಕ್ಕೆ. ಕನ್ನಡ–ಒಡಿಯಾ ಮಾರ್ಗದಲ್ಲಿ ಜಾಹೀರಾತುಗಳನ್ನು ಯಾರೂ ಆಲಿಸುತ್ತಿಲ್ಲವಾದ್ದರಿಂದ ಈ ಮಾರ್ಗವನ್ನು ಸ್ಥಗಿತಗೊಳಿಸಲಾಗಿದೆ. ಧನ್ಯವಾದಗಳು.”

ಮೊದಲ ದಿನ ಸನ್ನೆಗಳಲ್ಲಿ ಕಳೆಯಿತು. ಉಪ್ಪು ಕೇಳಿದರೆ ಸುಣ್ಣ ಬಂತು. ಕ್ಷಮೆ ಕೇಳಲು ಅವನು ಕಿವಿ ಹಿಡಿದುಕೊಂಡರೆ, ಕಿವಿ ನೋಯುತ್ತಿದೆಯೆಂದು ತಿಳಿದ ಅವಳು ಎಣ್ಣೆ ಕಾಯಿಸಿ ತಂದಳು. ಅದನ್ನು ನೆನೆದು ನಗಬಹುದಿತ್ತು. ಆದರೆ ಗುಡ್ಡದ ಮೇಲಿನ ಸುದ್ದಿ ನಗುವಂಥದ್ದಾಗಿರಲಿಲ್ಲ. ಕೆಳಗಿದ್ದ ಕನ್ನಡದವನು ‘ನಿಲ್ಲು’ ಎಂದದ್ದು ಮೇಲಿದ್ದ ಒಡಿಯಾದವನಿಗೆ ತಿಳಿಯದಿದ್ದರೆ ಜೀವಕ್ಕೇ ಕುತ್ತು. ಗುತ್ತಿಗೆದಾರನು ಒಡಿಯಾ ತಂಡವನ್ನು ಕೆಳಗಿಳಿಸಿ ಕೂರಿಸಿದ. ತಿಂಗಳ ಕೊನೆಯೊಳಗೆ ಮಾತಿನ ವ್ಯವಸ್ಥೆಯಾಗದಿದ್ದರೆ ಎಲ್ಲರನ್ನೂ ಒಡಿಶಾದ ಕಡಲತೀರದ ಕೆಲಸಕ್ಕೆ ಕಳಿಸುವುದಾಗಿ ಹೇಳಿದ. ಸಬಿತಾ ನೆಲದ ಮೇಲೆ ಬೆರಳಿನಿಂದ ರೈಲು ಬರೆದು ತೋರಿಸಿದಳು. ರೈಲಿನಲ್ಲಿ ಒಬ್ಬಳನ್ನೇ ಬರೆದಳು. ಮಾನಪ್ಪನಿಗೆ ಅದಕ್ಕೆ ಯಾವ ಮಣಿಯೂ ಬೇಕಾಗಲಿಲ್ಲ.

ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಹೊರಟ.

ನುಡಿದೋಣಿಯ ನಿಯಂತ್ರಣ ಕೊಠಡಿಯ ಗೋಡೆಯ ತುಂಬ ನಕಾಶೆಯಿತ್ತು. ಭಾಷೆಯಿಂದ ಭಾಷೆಗೆ ಎಳೆದ ಬೆಳಕಿನ ಗೆರೆಗಳು ಹೊಳೆಯುತ್ತಿದ್ದವು. ಒಂದು ಗೆರೆ ಮಾತ್ರ ಆರಿದ ಬತ್ತಿಯಂತಿತ್ತು. ಆ ಗೆರೆಯ ಮೇಲ್ವಿಚಾರಕಿ ಧಾರವಾಡದ ವತ್ಸಲಾ ಕುಲಕರ್ಣಿ. ನರೆತ ಕೂದಲನ್ನು ಪೆನ್ಸಿಲಿನಿಂದ ಗಂಟು ಕಟ್ಟಿದ್ದ ಅವಳು ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು.

“ಜರಡಿ ಮಾಡಿದವರು ನೀವೇ ಏನು? ಬರ್ರಿ, ಕೂಡ್ರಿ. ನಿಮ್ಮನ್ನ ನೋಡಬೇಕಂತ ಭಾಳ ಆಸೆ ಇತ್ತು. ನಾನು ಈ ಗೆರಿ ಉಳಿಸಲಿಕ್ಕೆ ಮ್ಯಾಲಿನವರ ಜೋಡಿ ಎಷ್ಟು ಜಗಳಾಡೀನಿ ಗೊತ್ತದ ಏನು? ದೊಡ್ಡ ಭಾಷಾದವರು ಹೆಂಗರೆ ಬದುಕತಾರ. ಸಣ್ಣ ಗೆರಿಗೆ ಅಡ್ವಟೈಜೇ ಎಣ್ಣಿ, ಅದನ್ನ ಸೋಸಿದವರೆಲ್ಲಾ ಕಳ್ಳರು ಅಂತಾರ ಮ್ಯಾಲಿನವರು. ನೀವು ಎಣ್ಣಿ ಚೆಲ್ಲಿ ದೀಪಾ ಯಾಕ ಆರ್ತು ಅಂತ ಕೇಳಲಿಕ್ಕೆ ಬಂದೀರಿ.”

“ತಪ್ಪು ನಂದ್ರಿ, ಬಾಯಾರ. ಆದರ ನೀವೂ ಒಂದು ಮಾತು ಹೇಳ್ರಿ. ನನ್ನ ಹೇಂತಿ ದನಿ ನಿಮಗ ಯಾರು ಕೊಟ್ರು?”

“ಕರಾರಿಗೆ ನೀವ ಒಪ್ಪೀರಿ.”

“ಒಪ್ಪೀವಿ. ಮಣಿ ಹಾಕ್ಕೊಳ್ಳುಮುಂದ ಯಾವನು ಓದತಾನ್ರಿ ಅದನ್ನ? ‘ನಿಮ್ಮ ನೆನಪಾಯಿತು’ ಅಂದಳು, ಹಿಂದ ಲೇಹ್ಯ ಬಂತು. ಆ ನೆನಪು ಆಕಿದೋ, ನಿಮ್ಮದೋ?”

ವತ್ಸಲಾ ಪೆನ್ಸಿಲನ್ನು ಕೂದಲಿನಿಂದ ಕಿತ್ತು ಮೇಜಿನ ಮೇಲೆ ಉರುಳಿಸಿದಳು. “ಕೆಲವೊಮ್ಮೆ ಒಂದು ವಾಕ್ಯದ ಮೆಟ್ಟಿಲಾ ನಾವೂ ಕಟ್ಟತೇವಿ” ಎಂದಳು. “ಯಾವುದು ಯಾರದಂತ ನಾವು ಇಟ್ಟುಕೊಂಡಿಲ್ಲ. ಆದರ ಇದನ್ನೂ ಕೇಳ್ರಿ. ಇಲ್ಲೇ ದವಾಖಾನಿಯೊಳಗ ಒಬ್ಬ ಒಡಿಯಾ ಅಜ್ಜಿ ಇದ್ದಾಳ. ಎಲ್ಲಿ ನೋಯತದ ಅಂತ ನರ್ಸಿಗೆ ಹೇಳಲಿಕ್ಕೆ ಆಕಿಗೆ ಇದ್ದದ್ದು ಈ ಗೆರಿ ಒಂದೇ. ಆಕಿ ನಿಮ್ಮ ಜರಡಿ ಹಾಕಿಕೊಂಡಿರಲಿಲ್ಲ.”

ಮಾನಪ್ಪ ಗೋಡೆಯ ಮೇಲಿನ ಆರಿದ ಗೆರೆಯತ್ತ ನೋಡಿದ. ಕೊಠಡಿಯ ಯಂತ್ರಗಳು ಗುಂಯ್ ಎನ್ನುತ್ತಿದ್ದವು. ಅವನು ಮೆಲ್ಲಗೆ ಹೇಳಿದ: “ನೀವೊಮ್ಮೆ ನಮ್ಮೂರಿಗೆ ಬರ್ರಿ. ಜರಡಿ ಹಾಕಿದವರು ಕಳ್ಳರೋ ಅಲ್ಲೋ ಕಣ್ಣಿಲೆ ನೋಡ್ರಿ. ನಾಟಕಾನೂ ನೋಡಿದಂಗ ಆಕ್ಕೇತಿ.”

“ಎಂಥಾ ನಾಟಕ?”

“ಅಳಸ್ತೈತ್ರಿ.”

“ಇಲ್ಲೇ ಕೂತು ದಿನಾ ಅಳತೇನಿ. ಬರತೇನಿ, ನಡೀರಿ.”

ಭಾನುವಾರದ ಮಧ್ಯಾಹ್ನದ ಆಟಕ್ಕೆ ವತ್ಸಲಾ ಬಂದು ಮುಂದಿನ ಸಾಲಿನಲ್ಲಿ, ಸಬಿತಾಳ ಪಕ್ಕದಲ್ಲಿ ಕುಳಿತಳು. ಕೊನೆಯ ಅಂಕದಲ್ಲಿ ನಾಯಕನು ಚೂರಿಯೇಟು ತಿಂದು ತಾಯಿಯ ತೊಡೆಯ ಮೇಲೆ ಪ್ರಾಣ ಬಿಡುತ್ತಿದ್ದ. ತಾಯಿಯಾಗಿ ಚಂದ್ರವ್ವ ಗೋಳಿಡುತ್ತಿದ್ದಳು. ಡೇರೆಯ ತುಂಬ ಮೂಗು ಎಳೆದುಕೊಳ್ಳುವ ಸದ್ದು. ಆ ಹೊತ್ತಿಗೆ ಸರಿಯಾಗಿ ಹಾರ್ಮೋನಿಯಂ ನಿಂತಿತು, ಪಕ್ಕದಿಂದ ಮಾನಪ್ಪನ ಕಂಠ ಮೊಳಗಿತು: “ಕಾಲಕಾಲೇಶ್ವರ ಗಿರಮಿಟ್ ಅಂಗಡಿಯ ಶರಣಪ್ಪ ರಡ್ಡೇರ ಅವರಿಂದ, ಸಾಯಲಿಕ್ಕೆ ಹತ್ತಿರುವ ಮಗನ ಪಾತ್ರಧಾರಿಗೆ ಒಂದು ರೇಷ್ಮೆ ರುಮಾಲು ಆಯೇರಿ!”

ಸಾಯುತ್ತಿದ್ದ ಮಗ ಎದ್ದು ನಿಂತ. ಮೆಚ್ಚುಗೆಯ ಉಡುಗೊರೆಯಾಗಿ ಬಂದ ರುಮಾಲನ್ನು ಸುತ್ತಿಸಿಕೊಂಡ. ಶರಣಪ್ಪನಿಗೂ ಸಭೆಗೂ ಕೈ ಮುಗಿದ. ಮತ್ತೆ ತಾಯಿಯ ತೊಡೆಯ ಮೇಲೆ ಮಲಗಿ, ರುಮಾಲು ಕೊಳೆಯಾಗದಂತೆ ಸರಿಪಡಿಸಿಕೊಂಡು, ಬಿಟ್ಟಲ್ಲಿಂದಲೇ ಸಾಯಲು ಪ್ರಾರಂಭಿಸಿದ. ಜನ ನಕ್ಕರು, ಚಪ್ಪಾಳೆ ತಟ್ಟಿದರು, ಮರುಕ್ಷಣವೇ ಮತ್ತೆ ಅಳತೊಡಗಿದರು.

ವತ್ಸಲಾ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ಮಾತು ತಿಳಿಯದ ಸಬಿತಾ ಅವಳ ನಗುವನ್ನು ನೋಡಿಯೇ ನಕ್ಕಳು. ಆಟ ಮುಗಿದ ಮೇಲೆ ಬಣ್ಣದ ಕೋಣೆಗೆ ಹೋಗಿ ವತ್ಸಲಾ ಕೇಳಿದಳು: “ಚಂದ್ರಕ್ಕಾ, ಸಾಯೋ ಹೊತ್ತಿನ್ಯಾಗ ನಿಲ್ಲಿಸಿ ಗಿರಮಿಟ್ ಅಂಗಡಿ ಹೆಸರು ಹೇಳಿದ್ರಿ. ಒಬ್ಬರೂ ಎದ್ದು ಹೋಗಲಿಲ್ಲ. ನಾವು ಒಂದು ಲೇಹ್ಯದ ಹೆಸರು ಹೇಳಿದ್ದಕ್ಕ ಊರಿಗೂರೇ ಕಿವಿ ಮುಚ್ಚಿಕೊಂಡಿತು. ಯಾಕ?”

ಚಂದ್ರವ್ವ ಎಣ್ಣೆ ಹಚ್ಚಿ ಬಣ್ಣ ತೆಗೆಯುತ್ತ ಕನ್ನಡಿಯಲ್ಲಿಯೇ ಅವಳನ್ನು ನೋಡಿದಳು. “ನಿಮ್ಮದು ಬ್ಯಾರೆ, ನಮ್ಮದು ಬ್ಯಾರೆ, ತಂಗೀ. ಶರಣಪ್ಪ ಆಯೇರಿ ಮಾಡಿದ್ರ ಶರಣಪ್ಪನ ಹೆಸರು ಹೇಳತೀವಿ. ಮೈಕಿನವ ತನ್ನ ಬಾಯಿಲೆ ಹೇಳತಾನ. ಸಾಯೋ ಮಗನ ಬಾಯಿಲೆ ‘ಅವ್ವಾ, ಗಿರಮಿಟ್ ತಿನ್ನು’ ಅಂತ ಹೇಳಸಂಗಿಲ್ಲ. ಹಂಗ ಹೇಳಿಸಿದ ದಿನ ಜನ ಕುರ್ಚಿ ಎತ್ತಿ ಒಗೀತಾರ.”

ಬಾಗಿಲಲ್ಲಿ ನಿಂತಿದ್ದ ಮಾನಪ್ಪನೂ ವತ್ಸಲಾಳೂ ಒಬ್ಬರನ್ನೊಬ್ಬರು ನೋಡಿದರು. ಇಬ್ಬರ ತಲೆಯಲ್ಲಿಯೂ ಒಂದೇ ದೀಪ ಹೊತ್ತಿತ್ತು.

ಆ ಸಂಜೆ ವತ್ಸಲಾ ಕಂಪನಿಯ ಟ್ರಂಕಿನ ಮೇಲೆ ಕುಳಿತೇ ಹುಬ್ಬಳ್ಳಿಗೆ ಫೋನಿನ ಮೇಲೆ ಫೋನು ಮಾಡಿದಳು. ಕೊನೆಗೆ ಮೇಲಿನವರು ಒಂದು ವಾರದ ಪರೀಕ್ಷೆಗೆ ಒಪ್ಪಿದರು. ಕನ್ನಡ–ಒಡಿಯಾ ಮಾರ್ಗದಲ್ಲಿ ಇನ್ನು ಯಾರ ಕಂಠವನ್ನೂ ಕದಿಯುವಂತಿಲ್ಲ. ಮಾತು ನಿಂತಲ್ಲಿ ಮಾತ್ರ, ಘಂಟೆ ಬಾರಿಸಿ, ಕೊಟ್ಟವರ ಹೆಸರು ಹೇಳಿ, ಬೇರೆಯದೇ ಕಂಠದಲ್ಲಿ ಆಯೇರಿ ಕೂಗಬೇಕು. ಬೇಡವೆಂದವರಿಗೆ ಅದನ್ನು ಮುಚ್ಚುವ ಗುಂಡಿಯನ್ನು ಸಂಸ್ಥೆಯೇ ಕೊಡಬೇಕು, ಜರಡಿಯವರನ್ನು ಕಳ್ಳರೆನ್ನಬಾರದು. ಆದರೆ ಆ ವಾರ ಜನ ಗುಂಡಿಯನ್ನೊತ್ತಿ ಕಿವಿ ಮುಚ್ಚಿಕೊಂಡರೆ ಮಾರ್ಗವು ಶಾಶ್ವತವಾಗಿ ಬಂದ್.

“ಕೂಗಲಿಕ್ಕೆ ಕಂಠ ಬೇಕಲ್ಲ” ಎಂದಳು ವತ್ಸಲಾ.

“ಮನ್ಯಾಗ ಹೋರಿ ಇಟ್ಕೊಂಡು ಸಂತಿಗೆ ಯಾಕ ಹೋಗ್ತೀರಿ?” ಎಂದು ಚಂದ್ರವ್ವ ಮಾನಪ್ಪನ ಬೆನ್ನಿಗೆ ಗುದ್ದಿದಳು.

ಇನ್ನು ಉಳಿದದ್ದು ಊರಿಗೆ ತಿಳಿಹೇಳುವ ಕೆಲಸ. ಮಾರ್ಗ ತೆರೆಯುವುದು ಮರುದಿನ; ಅದಕ್ಕೆ ಮೊದಲು ಜನ ತಾವಾಗಿಯೇ ಜರಡಿಯನ್ನು ತೆಗೆಯಬೇಕು. ಕನ್ನಡದವರಿಗೆ ಮಾನಪ್ಪ ಹೇಳಬಲ್ಲ. ಕಾಲೊನಿಯವರಿಗೆ? ಅವನು ಮೈಕನ್ನು ಸಬಿತಾಳ ಮುಂದೆ ಹಿಡಿದು, ಆಟೋದ ಕಡೆಗೆ ಕೈ ತೋರಿಸಿದ. ಅಷ್ಟು ಎತ್ತರದ ಫ್ಯಾನಿನ ತುದಿಯಲ್ಲಿ ನಿಂತು ಹೆದರದವಳು ಮೈಕನ್ನು ಕಂಡು ಹಿಂದೆ ಸರಿದಳು. ಮತ್ತೆ, ನೆಲದ ಮೇಲೆ ತಾನು ಬರೆದಿದ್ದ ರೈಲು ನೆನಪಾಯಿತೋ ಏನೋ, ಹತ್ತಿ ಕುಳಿತಳು.

ಆ ದಿನದ ಮೆರವಣಿಗೆಯನ್ನು ಗಜೇಂದ್ರಗಡದವರು ಬೇಗ ಮರೆಯಲಾರರು. ಬಜಾರದಲ್ಲಿ ಮಾನಪ್ಪ ಕೂಗಿದ: “ತಪ್ಪು ನಂದು, ಮಹಾಜನರೇ. ನಾನು ಕೊಟ್ಟ ಜರಡಿ ನಿಮ್ಮ ಹೊಗಳಿಕೆ ನುಂಗೇತಿ. ತಗದು ಒಗೀರಿ. ಇನ್ನ ಯಾರೂ ನಿಮ್ಮ ಹೇಂತಿ ದನಿಲೆ ಸಾಬಾಣ ಮಾರಂಗಿಲ್ಲ. ಕೇಳಬೇಕು ಅನಿಸಿದ್ರ ಕೇಳ್ರಿ, ಬ್ಯಾಡಂದ್ರ ಮುಚ್ಚರಿ. ಆದರ ಎಲ್ಲಾರೂ ಮುಚ್ಚಿದ್ರ ನಾಳಿಂದ ನಾವು ಮೂಕರ ಸಂಸಾರ ಮಾಡಬೇಕು.”

“ನಿನ್ನ ಜರಡಿ ಇದ್ದಾಗ ನಮ್ಮತ್ತಿ ನನ್ನ ಹೊಗಳ್ಯಾಳಂತ ಹೇಳತೀ? ಆಕಿ ಕನ್ನಡದಾಕೀನ, ಒಮ್ಮೆನೂ ಹೊಗಳಿಲ್ಲ” ಎಂದು ಬಳೆ ಅಂಗಡಿಯ ಹೆಂಗಸೊಬ್ಬಳು ಕೂಗಿದಾಗ ಬಜಾರವೇ ನಕ್ಕಿತು. ಚಹಾ ಅಂಗಡಿಯ ದೇವೇಂದ್ರಪ್ಪ ಮಾತ್ರ, “ನನಗ ಆಯೇರೀನೂ ಬ್ಯಾಡ, ನಾ ಮುಚ್ಚಾವನ” ಎಂದು ಹಟ ಹಿಡಿದ. “ಮುಚ್ಚೋ ಮಾರಾಯಾ, ಅದಕ್ಕ ಗುಂಡಿ ಕೊಟ್ಟಾರ” ಎಂದು ಮಾನಪ್ಪ ಮುಂದೆ ಸಾಗಿದ.

ಕಾಲೊನಿಯಲ್ಲಿ ಸಬಿತಾ ಎದ್ದು ನಿಂತಳು. ಅವಳು ಏನು ಹೇಳಿದಳೋ ಮಾನಪ್ಪನಿಗೆ ತಿಳಿಯಲಿಲ್ಲ. ಮೊದಲು ದನಿ ನಡುಗಿತು, ಆಮೇಲೆ ಏರಿತು. ಒಂದೆಡೆ ಅವನತ್ತ ಬೆರಳು ತೋರಿಸಿದಳು, ಜನರೆಲ್ಲ ಅವನನ್ನು ನೋಡಿ ಬಿದ್ದು ಬಿದ್ದು ನಕ್ಕರು. ಇನ್ನೊಂದೆಡೆ ಗುಡ್ಡವನ್ನು ತೋರಿಸಿದಳು, ಜನ ಸುಮ್ಮನಾದರು. ಆ ಮುದುಕ ಫೋನನ್ನು ತೆಗೆದು ಜರಡಿಯನ್ನು ಅಳಿಸಿಹಾಕಿದ. ಅವನ ಹಿಂದೆ ಒಬ್ಬೊಬ್ಬರಾಗಿ ಉಳಿದವರು.

ಮರುದಿನ ಮುಂಜಾನೆ ಹುಬ್ಬಳ್ಳಿಯ ಗೋಡೆಯ ಮೇಲೆ ಆರಿದ ಗೆರೆ ಹೊತ್ತಿಕೊಂಡಿತು. ವತ್ಸಲಾ ಪರದೆಯ ಮುಂದೆ ಉಸಿರು ಬಿಗಿಹಿಡಿದು ಕುಳಿತಿದ್ದಳು. ಮಾನಪ್ಪ ಪಕ್ಕದ ಗಾಜಿನ ಕೋಣೆಯಲ್ಲಿ, ಕೊರಳಿಗೆ ಮಫ್ಲರು ಸುತ್ತಿಕೊಂಡು, ಮೈಕಿನ ಮುಂದೆ. ಅವನು ಕನ್ನಡದಲ್ಲಿ ಕೂಗಿದ್ದು ಅವನದೇ ಕಂಠದಲ್ಲಿ ಒಡಿಯಾವಾಗಿ ಆ ಕಡೆಯ ಕಿವಿಗಳಿಗೂ ಹೊರಟಿತು. ಮೊದಲನೆಯ ಆಯೇರಿ, ಶರಣಪ್ಪನ ಗಿರಮಿಟ್ ಅಂಗಡಿಯದು. ಎರಡನೆಯದು ಕಾಲೊನಿಯ ಊಟದ ಮೆಸ್ಸಿನದು. ಕಿವಿ ಮುಚ್ಚಿದವರನ್ನು ತೋರಿಸುವ ಕೆಂಪು ಚುಕ್ಕೆಗಳು ಅಲ್ಲೊಂದು ಇಲ್ಲೊಂದು ಹತ್ತಿದವು. ಅವುಗಳಲ್ಲೊಂದು ನಿಸ್ಸಂದೇಹವಾಗಿ ದೇವೇಂದ್ರಪ್ಪ. ಉಳಿದ ಊರು ಹಸಿರಾಗಿಯೇ ಇತ್ತು.

“ಇಷ್ಟು ವರ್ಷ ಅಡ್ವಟೈಜ್ ಮುಗಿದ ಮ್ಯಾಲೆ ಜನ ನಗೋದು ನಾ ಕೇಳಿದ್ದಿಲ್ಲ” ಎಂದಳು ವತ್ಸಲಾ. “ದವಾಖಾನಿ ಅಜ್ಜಿ ನಿಮ್ಮನ್ನ ಕೇಳಿದಳಂತ. ಈ ಹುಡುಗಗ ನೆಗಡಿ ಆಗೇದ ಏನು, ಇಷ್ಟು ಯಾಕ ಒದರತಾನ ಅಂತ.”

ವಾರ ಮುಗಿಯಿತು, ಗೆರೆ ಉಳಿಯಿತು. ಆಲಿಸುವ ಕಿವಿ ಕಂಡಲ್ಲಿ ಆಯೇರಿ ಕೊಡುವವರೂ ಬಂದರು. ಒಡಿಯಾ ತಂಡ ಮತ್ತೆ ಗುಡ್ಡ ಹತ್ತಿತು. ಗುತ್ತಿಗೆದಾರ ರೈಲಿನ ಮಾತನ್ನು ಮತ್ತೆತ್ತಲಿಲ್ಲ.

ಮಾನಪ್ಪ ಹುಬ್ಬಳ್ಳಿಯಿಂದ ಮನೆಗೆ ಬಂದಾಗ ಸಬಿತಾ ಹೊಸ್ತಿಲಲ್ಲಿ ಕುಳಿತು ಹಗ್ಗದ ಕೊಂಡಿಗಳನ್ನು ಒರೆಸುತ್ತಿದ್ದಳು. ಅವನು ಎದುರಿಗೆ ಕುಳಿತ. ಕೇಳಬೇಕಾದದ್ದು ಬಸ್ಸಿನುದ್ದಕ್ಕೂ ನಾಲಗೆಯ ಮೇಲೆ ಉರುಳಿತ್ತು.

“ಮೊದಲ ನೀ ಅಂತಿದ್ದೆಲ್ಲ, ಚಲೋ ಚಲೋ ಮಾತು, ಅದರಾಗ ನಿನ್ನವು ಯಾವ್ಯಾವು?”

ಅವಳು ಕೊಂಡಿಯನ್ನು ಕೆಳಗಿಟ್ಟು ಅವನನ್ನೇ ನೋಡಿದಳು. “ಹಳೆಯ ಮಾತುಗಳನ್ನು ನಾನು ಕಟ್ಟಿಟ್ಟುಕೊಂಡಿಲ್ಲ. ಈಗ ಹೇಳುತ್ತೇನೆ, ಆಲಿಸಿರಿ. ನೀವು ಮಲಗಿದಾಗ ಗೊರಕೆಯು ಜನರೇಟರಿನಂತೆ ಬರುತ್ತದೆ. ನನ್ನ ಹೆಲ್ಮೆಟ್ಟಿನಲ್ಲಿ ನೀವು ಆಲೂಗಡ್ಡೆ ಇಟ್ಟಿದ್ದಿರಿ. ಆ ದಿನ ಆಟೋದಲ್ಲಿ ನಾನು ಕಾಲೊನಿಯವರಿಗೆ ಹೇಳಿದೆ, ಈ ಮನುಷ್ಯನು ನನ್ನ ಮಾತನ್ನು ಹುಡುಕಲು ಹೋಗಿ ಊರಿನ ಮಾತನ್ನೆಲ್ಲ ಕಳೆದ ದಡ್ಡ, ಇವನ ಕಣ್ಣು ಒದ್ದೆಯಾಗಿದೆ ನೋಡಿರಿ, ಇವನನ್ನು ಬಿಟ್ಟು ನಾನು ರೈಲು ಹತ್ತುವವಳಲ್ಲ ಎಂದು. ಅವರು ನಕ್ಕದ್ದು ಅದಕ್ಕೇ. ಇನ್ನೂ ಇದೆ. ನಿಮ್ಮ ಅಂಗಿಯ ಗುಂಡಿ...”

ಮಾನಪ್ಪ ಗಲ್ಲಕ್ಕೆ ಕೈ ಕೊಟ್ಟು, ಹಬ್ಬದೂಟ ಬಡಿಸಿದಂತೆ ಒಂದೊಂದನ್ನೂ ಆಲಿಸುತ್ತ ಕುಳಿತ. ದಡ್ಡನೆಂಬ ಮಾತಿಗೆ ದುಡ್ಡು ಕೊಡುವ ಕಂಪನಿ ಈ ಭೂಮಿಯ ಮೇಲೆ ಹುಟ್ಟಿಲ್ಲ. ಇದು ಅಪ್ಪಟ ಅವಳದೇ. ಬೈಗುಳ ಮುಗಿದು, ಅವಳು ಉಸಿರು ತೆಗೆದುಕೊಂಡಳು. ಆ ವಿರಾಮದಲ್ಲಿ ಇಬ್ಬರ ಕಿವಿಯಲ್ಲಿಯೂ ಒಮ್ಮೆಗೇ ಘಂಟೆಯ ಸದ್ದಾಯಿತು. ಧ್ವನಿಮುದ್ರಿಸಿಟ್ಟಿದ್ದ ಮಾನಪ್ಪನದೇ ಮೊಳಗುವ ಕಂಠ ಮೆಸ್ಸಿನವರ ಹೆಸರನ್ನು ಸಾರಿತು. ಸಬಿತಾ ಒಂದು ಬೆರಳೆತ್ತಿ, “ತಾಳಿರಿ, ನನ್ನ ಗಂಡ ಮಾತನಾಡುತ್ತಿದ್ದಾನೆ” ಎಂದು ಗಂಡನನ್ನೇ ಸುಮ್ಮನಿರಿಸಿದಳು.

ಮುಂದಿನ ತಿಂಗಳು ಫ್ಯಾನಿನ ತಂಡಕ್ಕೆ ಚಿತ್ರದುರ್ಗದ ಗುಡ್ಡಗಳಿಂದ ಕರೆ ಬಂತು. ಪ್ರೇಕ್ಷಕರು ಹೋದಲ್ಲಿಗೆ ನಾಟಕವೂ ಹೋಗಬೇಕೆಂದು ಚಂದ್ರವ್ವ ಕ್ಯಾಂಪು ಕಿತ್ತಳು. ಗೂಟ ಕಿತ್ತು, ಡೇರೆ ಸುತ್ತಿ, ಅರಮನೆಯನ್ನೂ ಕಾಡನ್ನೂ ಒಂದರ ಮೇಲೊಂದು ಮಡಿಸಿ ಲಾರಿಗೆ ಏರಿಸಲಾಗಿದೆ. ಸಬಿತಾ ಹಗ್ಗ ಬಿಗಿಯುತ್ತಿದ್ದಾಳೆ; ಅವಳು ಹಾಕಿದ ಗಂಟನ್ನು ಬಿಚ್ಚಲು ಚಿತ್ರದುರ್ಗದಲ್ಲಿಯೂ ಅವಳೇ ಬೇಕು. ಕಥೆ ಹೇಳಿದವನಿಗೂ ಮಡಿಸಿದ ಅರಮನೆಯ ಪಕ್ಕದಲ್ಲಿ ಒಂದು ಮೂಲೆ ಸಿಕ್ಕಿದೆ. ಹಾಸಿಗೆ ಸುತ್ತಿದ್ದಾಯಿತು, ಚೊಂಬು ಚೀಲಕ್ಕೆ ಸೇರಿತು. ಮುಂದೆ ಕುಳಿತ ಮಾನಪ್ಪ ಚಾಲಕನ ಭುಜ ತಟ್ಟಿದ್ದಾನೆ. ಲಾರಿ ಹೊರಟಿತು, ಮಹಾಶಯರೇ. ಸ್ವಲ್ಪ ದಾರಿ ಬಿಡಿ.